ಆಯಿ ಹೇಳಿದ ವಾಸನೆ

ಆ ಗಾಡಿಯ ಬೆಲ್ಟಿಗೆ ರಾಳ ಹಾಕಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಏನೇನು ನಡೆಯಿತೋ ಅದೆಲ್ಲ ಆ ಒಂದು ಚಿಟಿಕೆ ರಾಳದಿಂದಲೇ ಶುರುವಾದದ್ದು.

ಐನಾಪುರದ ಹೊರಗೆ ಕಾಗವಾಡದ ರಸ್ತೆಗೆ ನನ್ನ ಗ್ಯಾರೇಜು. ತಗಡಿನ ಚಪ್ಪರ, ಗಾಡಿಯ ಅಡಿಗೆ ಇಳಿಯಲು ಒಂದು ಗುಂಡಿ, ಗೋಡೆಗೆ ನೇತುಹಾಕಿದ, ನಟ್ಟು ಬಿಚ್ಚುವ ಪಾನಾಗಳು, ಇಷ್ಟೇ. ಕಬ್ಬು ನುರಿಸುವ ಹಂಗಾಮು ಅದು. ಒಂದು ರವಿವಾರ ಮುಂಜಾನೆ ಪರಿಚಯದ ಗಿರಾಕಿಯೊಬ್ಬ ತನ್ನ ಎಂಟು ಸೀಟಿನ ಹಳೆಯ ಡೀಸೆಲ್ ಗಾಡಿ ತಂದು ನಿಲ್ಲಿಸಿದ. ಊರಿಂದ ಸ್ವಲ್ಪ ದೂರ ತೋಟದಲ್ಲೇ ಮನೆ ಮಾಡಿಕೊಂಡಿರುವ ಜೈನರ ಒಕ್ಕಲು ಮನೆತನ ಅವರದು. ವಯಸ್ಸಿನಲ್ಲಿ ನನಗಿಂತ ಚಿಕ್ಕವನಾದರೂ ನಾನು ಅವನನ್ನು ದಾದಾ ಅಂತಲೇ ಕರೆಯುವುದು. ಅವನ ತಾಯಿಯ ಎರಡೂ ಕಿಡ್ನಿಗಳು ಕೆಲಸ ಬಿಟ್ಟು ವರ್ಷದ ಮೇಲಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಆಕೆಯನ್ನು ಮಿರಜಿಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಅದಕ್ಕೆ ಇದ್ದದ್ದು ಈ ಒಂದೇ ಗಾಡಿ. ಸುತ್ತಲಿನ ತೋಟದವರೆಲ್ಲ ಆಕೆಯನ್ನು ಆಯಿ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

"ಮಿಸ್ತ್ರಿ, ಮುಂಜಾನಿ ಸ್ಟಾರ್ಟ್ ಮಾಡಿದ ಕೂಡ್ಲೇ ಬೆಲ್ಟ್ ಚೀರಾಕತ್ತೈತಿ ನೋಡ್ರಿ. ಕಟ್ಟಿದ ಎಮ್ಮಿ ಸೈತ ಬೆದರ್ತಾವ," ಅಂದ ದಾದಾ.

"ಮತ್ತೇನರ ತ್ರಾಸ ಐತೇನ್ರಿ?"

"ನನಗೇನ ಕಂಡಿಲ್ಲ. ಅವ್ವ ಅಂತಾಳ, ಗಾಡ್ಯಾಗ ಸಿಹಿ ವಾಸನಿ ಬರ್ತೈತಿ ಅಂತ. ಆಕೀಗಿ ಈ ಜಡ್ಡ ಬಂದಾಗಿಂದ ಏನೇನರ ವಾಸನಿ ಬರ್ತಾವ್ರಿ. ಹಾಲ ಕೆಟ್ಟೈತಿ ಅಂತಾಳ, ನೀರ ಕಬ್ಬಿಣದ ಜಂಗ ಹಿಡದಂಗ ನಾರ್ತೈತಿ ಅಂತಾಳ. ಈ ಜಡ್ಡಿನಾಗ ನಾಲಿಗಿ, ಮೂಗ ಎರಡೂ ಕೆಡ್ತಾವಂತ ಡಾಕ್ಟರ ಹೇಳ್ಯಾರ."

ನಾನು ಬಾನೆಟ್ ಎತ್ತಿ, ಬಗ್ಗಿ, ಅವನಿಗೆ ಕೇಳುವ ಹಾಗೆ ಎರಡು ಸಲ ಜೋರಾಗಿ ಮೂಸಿದೆ.

"ಕಾಕಂಬಿ ವಾಸನಿರಿ ದಾದಾ. ಫ್ಯಾಕ್ಟರಿ ಚಾಲೂ ಆಗ್ಯಾವ, ರಸ್ತಾ ತುಂಬ ಕಬ್ಬಿನ ಟ್ರ್ಯಾಕ್ಟರ್. ಗಾಡಿ ಒಳಗ ಬರದ ಎಲ್ಲಿ ಹೋದೀತು?"

ಅವನಿಗೆ ಅದು ಸರಿ ಅನಿಸಿತು. ಯಾರಿಗಾದರೂ ಸರಿ ಅನಿಸುವ ಮಾತೇ. ಹಂಗಾಮಿನಲ್ಲಿ ನಮ್ಮ ಕಡೆಯ ಗಾಳಿಯೇ ಸಿಹಿ. ಫ್ಯಾಕ್ಟರಿಗಳ ಕಾಕಂಬಿ, ಗಾಣಗಳಲ್ಲಿ ಕುದಿಯುವ ಬೆಲ್ಲ, ರಸ್ತೆಯ ಮೇಲೆ ಗಾಲಿಗೆ ಸಿಕ್ಕು ಜಜ್ಜಿದ ಕಬ್ಬು, ಎಲ್ಲ ಕೂಡಿ ನಾಲ್ಕೈದು ತಿಂಗಳು ಒಂದೇ ವಾಸನೆ ಎಂದು ಜನ ಹೇಳುತ್ತಾರೆ.

ಜನ ಹೇಳುತ್ತಾರೆ ಅಂದೆ, ಯಾಕೆಂದರೆ ನನಗೆ ಯಾವ ವಾಸನೆಯೂ ಬರುವುದಿಲ್ಲ. ಐದಾರು ವರ್ಷದ ಹಿಂದೆ ಒಂದು ಜ್ವರ ಬಂದು ಹದಿನೈದು ದಿನ ಮಲಗಿದ್ದೆ. ಜ್ವರ ಬಿಟ್ಟುಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಕಾದೆ. ಬರಲಿಲ್ಲ. ಡೀಸೆಲ್, ಸುಟ್ಟ ವೈರು, ಕಾದ ಬ್ರೇಕು, ಕೆಟ್ಟ ಎಣ್ಣೆ ಎಲ್ಲವನ್ನೂ ಮೂಗಿನಿಂದಲೇ ಅರ್ಧ ಕಂಡುಹಿಡಿಯುವ ಉದ್ಯೋಗ ನಮ್ಮದು. ಮೂಗಿಲ್ಲದ ಮಿಸ್ತ್ರಿ ಅಂತ ಗೊತ್ತಾದರೆ ಯಾರು ಗಾಡಿ ತರುತ್ತಾರೆ? ಹಾಗಾಗಿ ಮನೆಯಲ್ಲೂ ಹೇಳಲಿಲ್ಲ, ಹೊರಗೂ ಹೇಳಲಿಲ್ಲ. ನನ್ನ ಕಿವಿ ಮಾತ್ರ ಬಹಳ ಚುರುಕು. ಎಂಜಿನ್ ಶಬ್ದ ಕೇಳಿಯೇ ಮಿಸ್ತ್ರಿ ರೋಗ ಹೇಳುತ್ತಾನೆ ಅಂತ ನನಗೆ ಹೆಸರಿತ್ತು, ಆ ಹೆಸರಿನ ಸೊಕ್ಕೂ ಇತ್ತು.

ಆ ಗಾಡಿಯಲ್ಲಿ ಒಂದೇ ಬೆಲ್ಟು ಡೈನಮೋವನ್ನೂ ವಾಟರ್ ಪಂಪನ್ನೂ ತಿರುಗಿಸುತ್ತದೆ. ಎಂಜಿನ್ನಿನ ನೀರನ್ನು ರೇಡಿಯೇಟರಿಗೆ ತಳ್ಳುವುದು ಆ ಪಂಪು. ಅದರ ಶಾಫ್ಟಿನ ಮೇಲೇ ಫ್ಯಾನು. ಬೆಲ್ಟನ್ನು ಬೆರಳಿನಿಂದ ಒತ್ತಿದೆ, ಸ್ವಲ್ಪ ಸಡಿಲ ಅನಿಸಿತು. ಡೈನಮೋದ ಬೋಲ್ಟ್ ಸಡಿಲಿಸಿ, ಅದನ್ನು ಹಾರೆಯಿಂದ ಮೀಟಿ, ಬೆಲ್ಟನ್ನು ಬಿಗಿಯಾಗಿ ಎಳೆದು ಕಟ್ಟಿದೆ. ಆದರೂ ಸ್ಟಾರ್ಟ್ ಮಾಡಿದಾಗ ಸಣ್ಣಗೆ ಚೀರಿತು. ಆಗ ನಾನು ರಾಳದ ಡಬ್ಬಿ ತೆಗೆದೆ.

ರಾಳದ ಕಥೆ ಏನೆಂದರೆ, ನಮ್ಮಪ್ಪ ಸದಲಗಾದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಗಿರಣಿಯ ಅಗಲವಾದ ಪಟ್ಟಾ ಜಾರಿ ಚೀರತೊಡಗಿದರೆ ಅಪ್ಪ ಒಂದು ಚಿಟಿಕೆ ರಾಳದ ಪುಡಿ ಹಾಕುತ್ತಿದ್ದ. ಅಂಟು ಹಿಡಿದು ಪಟ್ಟಾ ಸುಮ್ಮನಾಗುತ್ತಿತ್ತು. ಅಪ್ಪ ಅದಕ್ಕೆ "ಪಟ್ಟಾಕ್ಕ ಉಣಸೂದು" ಅನ್ನುತ್ತಿದ್ದ. ಸಾಲು ಹಿಡಿದು ನಿಂತ ಹೆಂಗಸರು, ಮೈಯೆಲ್ಲ ಹಿಟ್ಟಾದ ಅಪ್ಪ, ಅವನ ಕೈಯಲ್ಲಿ ಆ ಜೇನುಬಣ್ಣದ ಗಟ್ಟಿ, ಇದನ್ನೇ ನೋಡುತ್ತ ಬೆಳೆದವನು ನಾನು. ಗಾಡಿಯ ಬೆಲ್ಟಿಗೆ ರಾಳ ಹಾಕಬಾರದು ಎಂದು ಗೊತ್ತಿರಲಿಲ್ಲ ಅಂತಲ್ಲ. ಚೀರುವ ಬೆಲ್ಟು ಕಂಡರೆ ನನ್ನ ಕೈ ತಾನಾಗಿ ಆ ಡಬ್ಬಿಯ ಕಡೆ ಹೋಗುತ್ತಿತ್ತು. ಹಾಕಿದೆ. ಚೀರಾಟ ನಿಂತಿತು. ದಾದಾ ಖುಷಿಯಾಗಿ ಗಾಡಿ ತೆಗೆದುಕೊಂಡು ಹೋದ.

ಸೋಮವಾರ ಹೋಗಿ ಬಂದರು, ಏನೂ ಆಗಲಿಲ್ಲ. ಗುರುವಾರ ಮುಂಜಾನೆ ದಾದಾ ಮೋಟಾರ್‌ಸೈಕಲ್ ಮೇಲೆ ಬಂದ. ಗಾಡಿ ಕೈಕೊಟ್ಟಿರಬೇಕು, ಬಯ್ಯುತ್ತಾನೆ ಅಂದುಕೊಂಡೆ. ಬಯ್ಯಲಿಲ್ಲ. ಗ್ಯಾರೇಜಿನ ಮುಂದೆ ನಿಂತು ಒಂದೇ ಮಾತು ಹೇಳಿದ.

"ಮಿಸ್ತ್ರಿ, ನಿನ್ನಿ ಅವ್ವ ಉಣಲಿಲ್ರಿ."

ಅವರ ಮನೆಯ ಪದ್ಧತಿ ನನಗೆ ಗೊತ್ತಿತ್ತು. ಹೊತ್ತು ಮುಳುಗಿದ ಮೇಲೆ ಆಯಿ ಅನ್ನವನ್ನೂ ಮುಟ್ಟುವುದಿಲ್ಲ, ನೀರನ್ನೂ ಮುಟ್ಟುವುದಿಲ್ಲ. ಡಯಾಲಿಸಿಸ್ ಆದ ಕೂಡಲೇ ಆಕೆಗೆ ವಾಕರಿಕೆ ಬರುವುದರಿಂದ ಮಿರಜಿನಲ್ಲೂ ಏನೂ ತಿನ್ನುವುದಿಲ್ಲ. ನಾಲ್ಕರ ಹೊತ್ತಿಗೆ ಮನೆಗೆ ಬಂದು, ಸ್ವಲ್ಪ ಅಡ್ಡಾಗಿ, ಎದ್ದು, ಬೆಳಕಿರುವಾಗಲೇ ಒಂದು ತುತ್ತು ಉಣ್ಣುತ್ತಾಳೆ. ಬುಧವಾರ ಬರುವಾಗ ಕಾಗವಾಡ ದಾಟಿದ ಮೇಲೆ ಆಕೆ, "ಗಾಡಿ ನಿಂದ್ರಸೋ, ವಾಸನಿ ಜೋರ ಬರಾಕತ್ತೈತಿ," ಅಂದಳಂತೆ. ದಾದಾ, "ಕಬ್ಬಿನ ವಾಸನಿ ಬೇ ಅವ್ವ," ಅಂತ ಮುಂದೆ ಹೋದ. ಸ್ವಲ್ಪ ದೂರದಲ್ಲೇ ಕಾವಿನ ಮುಳ್ಳು ಮೇಲೇರಿತು. ಅವನು ಅಲ್ಲೇ ಎಂಜಿನ್ ಬಂದ್ ಮಾಡಿದ್ದು ಪುಣ್ಯ. ಬಾನೆಟಿನಿಂದ ಉಗಿ ಬಂತು. ಆರುವ ತನಕ ಕಾದು, ಯಾರದೋ ಹೊಲದ ಬೋರಿನ ನೀರು ತಂದು ಹಾಕಿ, ಸ್ವಲ್ಪ ನಡೆಸಿ, ಮತ್ತೆ ನಿಲ್ಲಿಸಿ, ಮುಚ್ಚಿದ್ದ ನನ್ನ ಗ್ಯಾರೇಜು ದಾಟಿ, ಮನೆ ಮುಟ್ಟುವ ಹೊತ್ತಿಗೆ ಕತ್ತಲಾಗಿತ್ತು. ಮಗ, ಸೊಸೆ ಕೈ ಮುಗಿದರೂ ಆಯಿ ತುಟಿ ಬಿಚ್ಚಲಿಲ್ಲ. ಹಾಗೇ ಮಲಗಿದಳು.

"ಒಂದ ತುತ್ತ ಉಣ್ಣವ್ವ, ದೇವರ ಏನೂ ಅನ್ನೂದಿಲ್ಲ ಅಂದ್ನಿ. ನನ್ನ ಕಡೆ ನೋಡಲೂ ಇಲ್ಲ," ಅಂದ ದಾದಾ. ಅವನ ಕಣ್ಣು ಕೆಂಪಾಗಿದ್ದವು. "ನಾಳಿ ಮತ್ತ ಹೋಗಬೇಕು. ಮುಂಜಾನಿ ಏಳಕ್ಕ ಬಿಡಬೇಕು. ಏನ್ ಮಾಡ್ತೀರಿ ನೋಡ್ರಿ."

ಬೆಲ್ಟಿಗೆ ಉಣಿಸಿದವನು ನಾನು, ಉಪವಾಸ ಮಲಗಿದವಳು ಆಯಿ. ನನಗೆ ಬಹಳ ನಾಚಿಕೆಯಾಯಿತು. ಸಾಮಾನಿನ ಪೆಟ್ಟಿಗೆ ಕಟ್ಟಿಕೊಂಡು ಅವನ ಹಿಂದೆಯೇ ತೋಟಕ್ಕೆ ಹೋದೆ. ಆ ಗಾಡಿಯನ್ನು ಒಂದು ಮಾರು ದೂರವೂ ನಡೆಸುವುದು ಬೇಡ ಅನಿಸಿತ್ತು.

ಅಂಗಳದ ಬೇವಿನ ಮರದ ಕೆಳಗೆ ಗಾಡಿ ನಿಂತಿತ್ತು. ಕಟ್ಟೆಯ ಮೇಲೆ ಆಯಿ ಗೋಡೆಗೆ ಒರಗಿ ಕೂತಿದ್ದಳು. ಸಣ್ಣ ಜೀವ, ಎಡಗೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ನರ. ಬಾ ತಮ್ಮಾ ಅಂದಳು, ಅಷ್ಟೇ.

ಎಂಜಿನ್ ಪೂರ್ತಿ ತಣ್ಣಗಿತ್ತು. ರೇಡಿಯೇಟರಿನ ಮುಚ್ಚಳ ತೆಗೆದೆ. ನೀರು ಕಾಣಲಿಲ್ಲ, ಬೆರಳು ಇಳಿಸಿದರೂ ತಾಗಲಿಲ್ಲ. ಮೊದಲು ನನ್ನ ಹೆದರಿಕೆ ಇದ್ದದ್ದು ಹೆಡ್ ಗ್ಯಾಸ್ಕೆಟ್ ಬಗ್ಗೆ. ಅದು ಸುಟ್ಟಿದ್ದರೆ ಶುಕ್ರವಾರದ ಮಾತೇ ಇಲ್ಲ, ಎಂಜಿನ್ನೇ ಬಿಚ್ಚಬೇಕು. ಆಯಿಲ್ ಕಡ್ಡಿ ಎಳೆದು ನೋಡಿದೆ, ಎಣ್ಣೆ ಕಪ್ಪಗಿತ್ತು, ನೀರು ಬೆರೆತ ಬಿಳುಪು ಇರಲಿಲ್ಲ. ನೀರು ತುಂಬಿ, ಮುಚ್ಚಳ ತೆರೆದಿಟ್ಟು ಸ್ಟಾರ್ಟ್ ಮಾಡಿಸಿದೆ, ಒಳಗಿಂದ ಗುಳ್ಳೆ ಏಳಲಿಲ್ಲ. ಗ್ಯಾಸ್ಕೆಟ್ ಉಳಿದಿತ್ತು. ಒಂದು ಉಸಿರು ಬಿಟ್ಟೆ.

ಹಾಗಾದರೆ ನೀರು ಎಲ್ಲಿ ಹೋಗುತ್ತಿದೆ? ನೆಲ ಒಣಗಿತ್ತು. ಪೈಪು, ಕ್ಲಿಪ್ಪು, ರೇಡಿಯೇಟರ್ ಒಣಗಿದ್ದವು.

"ನಾನೂ ದಿನಾ ನೋಡ್ತೀನ್ರಿ, ನೆಲಕ್ಕ ಒಂದ ಹನಿ ಬಿದ್ದಿಲ್ಲ," ಅಂದ ದಾದಾ.

ಎಂಜಿನ್ ನಡೆಯುತ್ತಿರುವಾಗಲೇ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಫ್ಯಾನಿಗೆ ತಾಗದಂತೆ ಡೈನಮೋದ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳಿದೆ. ಶಬ್ದ ನುಣ್ಣಗಿತ್ತು. ವಾಟರ್ ಪಂಪಿನ ಮೇಲೆ ಇಟ್ಟೆ. ಗರಗರ. ಬೇರಿಂಗ್ ಹೋಗಿತ್ತು. ಎಂಜಿನ್ ನಿಲ್ಲಿಸಿ ಫ್ಯಾನಿನ ಎಲೆ ಹಿಡಿದು ಹಿಂದೆ ಮುಂದೆ ಅಲುಗಿಸಿದೆ, ಕೈಗೆ ಕಟ್ ಕಟ್ ಅಂತ ಸಡಿಲು ಸಿಕ್ಕಿತು. ಇಷ್ಟನ್ನು ರವಿವಾರವೇ ಮಾಡಬಹುದಿತ್ತು. ರಾಳ ಹಾಕಿ ಚೀರಾಟ ನಿಲ್ಲಿಸಿದ ಮೇಲೆ ನನ್ನ ಕಿವಿಗೂ ಕೆಲಸ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಮೊದಲೇ ಸೊರಗಿದ್ದ ಬೇರಿಂಗಿನ ಮೇಲೆ ಬೆಲ್ಟನ್ನು ಜಗ್ಗಿ ಬಿಗಿದವನೂ ನಾನೇ. ಇನ್ನೊಂದು ತಿಂಗಳು ನಡೆಯುತ್ತಿದ್ದ ಪಂಪು ಮೂರು ದಿನಕ್ಕೆ ಸೋತಿತ್ತು.

ಆದರೆ ಬೇರಿಂಗ್ ಹೋದದ್ದು ಒಂದು ಮಾತು, ನೀರು ಸೋರುವುದು ಇನ್ನೊಂದು ಮಾತು. ನೀರು ಪಂಪಿನಿಂದಲೇ ಸೋರುತ್ತಿದೆಯೋ, ಹಿಂದಿನ ಹೀಟರ್ ಪೈಪಿನಿಂದ ಸೋರುತ್ತಿದೆಯೋ ಗೊತ್ತಾಗಬೇಕಿತ್ತು. ಪಂಪು ಬದಲಿಸಿ, ಸೋರುವ ಜಾಗ ಬೇರೆ ಇದ್ದರೆ ಶುಕ್ರವಾರ ಮತ್ತೆ ಅದೇ ಗತಿ. ಪಂಪಿನ ಅಡಿಗೆ ಒಂದು ಸಣ್ಣ ತೂತಿರುತ್ತದೆ. ಒಳಗಿನ ಸೀಲು ಹೋದರೆ ಕೂಲಂಟ್, ಅಂದರೆ ಎಂಜಿನ್ನಿನ ನೀರಿಗೆ ಬೆರೆಸುವ ಸಿಹಿ ವಾಸನೆಯ ಬಣ್ಣದ ದ್ರವ, ಅಲ್ಲಿಂದ ಜಿನುಗಿ ಒಣಗಿ ಗುರುತು ಬಿಡುತ್ತದೆ. ಕನ್ನಡಿ ಹಿಡಿದು, ಕೈಬ್ಯಾಟರಿಯ ಬೆಳಕು ಬಿಟ್ಟು ನೋಡಿದೆ. ಅಲ್ಲೆಲ್ಲ ನನ್ನ ರಾಳದ ಪುಡಿ ಹಾರಿ, ಎಣ್ಣೆ ಜಿಡ್ಡಿನ ಜೊತೆ ಬೆರೆತು, ಕಂದು ಹೆಪ್ಪಾಗಿ ಕೂತಿತ್ತು. ಗುರುತು ಇದ್ದರೂ ಅದರ ಅಡಿಗೆ ಹೂತುಹೋಗಿತ್ತು. ಮೂಗು ಇರುವ ಯಾವ ಮಿಸ್ತ್ರಿಯಾದರೂ ಅಲ್ಲಿ ಬಗ್ಗಿದರೆ ಒಂದು ನಿಮಿಷದಲ್ಲಿ ಹೇಳುತ್ತಿದ್ದ.

"ದಾದಾ, ನೀವ ಸ್ವಲ್ಪ ಮೂಸಿ ನೋಡ್ರಿ," ಅಂದೆ.

ಅವನು ಬಗ್ಗಿದ, ತಲೆ ಅಲ್ಲಾಡಿಸಿದ. "ಎಲ್ಲಾ ಕಡೆ ಒಂದ ನಮೂನಿ ಬರ್ತೈತ್ರಿ. ಅತ್ತಾಗ ಗಾಣ ಬ್ಯಾರೆ ಚಾಲೂ ಐತಿ. ನೀವ ನೋಡ್ರಿ, ನೀವ ಮಿಸ್ತ್ರಿ ಅದೀರಿ."

ಕಟ್ಟೆಯ ಮೇಲಿಂದ ಆಯಿ ಕೇಳಿದಳು, "ತಮ್ಮಾ, ನಾ ನೋಡ್ಲೇನ?"

"ನೀ ಸುಮ್ಮ ಕುಂದರವ್ವ. ನಿನಗೇನ ತಿಳೀತೈತಿ," ಅಂದ ಮಗ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ದಣಿದು ಅಂದದ್ದು. ಆಯಿ ಸೆರಗು ಸರಿಮಾಡಿಕೊಂಡಳು. ಆ ಸರಿಮಾಡಿಕೊಂಡದ್ದನ್ನು ನನಗೆ ನೋಡಲಾಗಲಿಲ್ಲ. ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಇನ್ನು ಬಚ್ಚಿಟ್ಟರೆ ಈ ಮುದುಕಿ ನಾಳೆಯೂ ದಾರಿಯಲ್ಲಿ ಕೂರಬೇಕಾಗುತ್ತದೆ ಅನಿಸಿತು. ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟೆ.

"ಆಯಿ, ನಂಗ ವಾಸನಿ ಬರೂದಿಲ್ರಿ," ಅಂದೆ. "ಐದಾರ ವರ್ಷ ಆತು. ಆಯ್ತವಾರ ನಾ ಮೂಸಿದ್ದು ಬರೇ ನಾಟಕ."

ದಾದಾ ನನ್ನ ಮುಖವನ್ನೇ ನೋಡಿದ. ಆಯಿ ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು.

"ಮತ್ತ ಕಾಕಂಬಿ ಅಂದ್ಯಂತಲ್ಲೋ?"

"ಸುಳ್ಳ ಹೇಳಿದ್ನಿರಿ."

ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಾಕ ದಿನದಿಂದ ನನ್ನ ಮೂಗೂ ಹೋತು ಅಂತ ನಾನೂ ತಿಳಕೊಂಡಿದ್ನೋ ತಮ್ಮಾ. ಕಿಡ್ನಿ ಹೋದೂವು, ನಾಲಿಗಿ ಹೋತು, ಇನ್ನ ಇದೊಂದು ಅಂತ," ಅಂದಳು.

ನಾನು ಒಗೆದ ಹಳೆಯ ಧೋತರ ಕೇಳಿ ತರಿಸಿ ನಾಲ್ಕು ಪಟ್ಟಿ ಹರಿದೆ. ಒಂದರಿಂದ ರೇಡಿಯೇಟರಿನ ಪೈಪಿನ ಸಂದು ಒರೆಸಿದೆ, ಒಂದರಿಂದ ಹಿಂದಿನ ಹೀಟರ್ ಪೈಪು, ಒಂದರಿಂದ ಡೈನಮೋದ ಅಡಿ, ಒಂದರಿಂದ ಪಂಪಿನ ಅಡಿ. ಗುರುತಿಗೆ ತುದಿಗೆ ಒಂದು, ಎರಡು, ಮೂರು, ನಾಲ್ಕು ಗಂಟು ಹಾಕಿದೆ. ಕೂಲಂಟ್ ಹೊಟ್ಟೆಗೆ ಹೋದರೆ ವಿಷ, ಅದು ಹಾಳು ಮಾಡುವುದು ಕಿಡ್ನಿಯನ್ನೇ ಎಂದು ಕೇಳಿ ಬಲ್ಲೆ. ಅದಕ್ಕೇ ಆಯಿಗೆ ಮುಟ್ಟಲು ಕೊಡಲಿಲ್ಲ. ಪಕ್ಕಡದಲ್ಲಿ ಹಿಡಿದು, ಗೇಣು ದೂರ ಇಟ್ಟು, ಒಂದೊಂದಾಗಿ ಮುಂದೆ ತಂದೆ.

ಮೊದಲನೆಯದಕ್ಕೆ ತಲೆ ಅಲ್ಲಾಡಿಸಿದಳು. ಎರಡನೆಯದಕ್ಕೂ, ಮೂರನೆಯದಕ್ಕೂ ಹಾಗೇ. ನಾಲ್ಕು ಗಂಟಿನದು ಬಂದ ಕೂಡಲೇ ಮುಖ ಹಿಂದಕ್ಕೆ ಸರಿಸಿದಳು.

"ಇದನೋ. ಇದು ಬೆಲ್ಲದ್ದಲ್ಲ. ಬೆಲ್ಲದ ವಾಸನಿ ಗಂಟಲದಾಗ ಇಳೀತೈತಿ. ಇದು ಹಣಿಯಾಗ ನಿಂದರ್ತೈತಿ."

ಅದು ಪಂಪಿನ ಪಟ್ಟಿ. ಪಟ್ಟಿಗಳನ್ನು ಅದಲು ಬದಲು ಮಾಡಿ ಇನ್ನೊಮ್ಮೆ ತೋರಿಸಿದೆ. ಮತ್ತೆ ಅದನ್ನೇ ಹಿಡಿದಳು. ಅಷ್ಟರಲ್ಲಿ ಒಳಗೆ ಹೋಗಿದ್ದ ದಾದಾ ಇನ್ನೊಂದು ಒದ್ದೆ ಪಟ್ಟಿ ತಂದು ಸುಮ್ಮನೆ ಆಕೆಯ ಮುಂದೆ ಹಿಡಿದ. ಅವನಿಗೆ ಇನ್ನೂ ಅನುಮಾನ ಹೋಗಿರಲಿಲ್ಲ. ಆಯಿ ಮೂಸಿ ಮಗನನ್ನು ನೋಡಿದಳು.

"ಇದು ನಮ್ಮ ಡಬ್ಬ್ಯಾಗಿನ ಬೆಲ್ಲ ಐತೆಲ್ಲೋ. ನೀರಾಗ ಅದ್ದಿಕೊಂಡ ಬಂದೀಯೇನ?"

ದಾದಾ ತಲೆ ಕೆಳಗೆ ಹಾಕಿದ. ಪಟ್ಟಿಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಆಕೆಯ ಕಾಲ ಬಳಿ ಕೂತ. "ನಿನ್ನಿ ನೀ ನಿಂದ್ರಸಂದಾಗ ನಿಂದ್ರಸಬೇಕಿತ್ತ ಅವ್ವ," ಅಂದ.

ಆಮೇಲೆ ಎಲ್ಲ ತಾಳೆಯಾಯಿತು. ಪಂಪಿನ ತೂತಿನಿಂದ ಬಂದ ಹನಿ ನೆಲಕ್ಕೆ ಬೀಳುವ ಮೊದಲೇ ತಿರುಗುವ ಪುಲ್ಲಿ ಅದನ್ನು ಚಿಮ್ಮಿಸುತ್ತಿತ್ತು. ಬೆಲ್ಟು ತೊಯ್ದು ಜಾರಿ ಚೀರುತ್ತಿತ್ತು. ಉಳಿದದ್ದು ಕಾದ ಎಂಜಿನ್ನಿಗೆ ಬಡಿದು ಆವಿಯಾಗಿ, ಮುಂದಿನ ಗಾಜಿನ ಕೆಳಗಿನ ಜಾಲರಿಯಿಂದ ಗಾಡಿಯ ಒಳಗೆ ಹೋಗುತ್ತಿತ್ತು. ಮುಂದಿನ ಸೀಟಿನಲ್ಲಿ ಕೂರುತ್ತಿದ್ದವಳು ಆಯಿ.

ಅಥಣಿಯ ಬಿಡಿಭಾಗದ ಅಂಗಡಿಗೆ ಫೋನು ಮಾಡಿ ಪಂಪನ್ನು ಬಸ್ಸಿನವರ ಕೈಯಲ್ಲಿ ಕಳಿಸಲು ಹೇಳಿ ಬಿಚ್ಚಲು ಶುರು ಮಾಡಿದೆ. ಫ್ಯಾನು ಬಂತು, ಪುಲ್ಲಿ ಬಂತು. ಪಂಪಿನ ಐದು ಬೋಲ್ಟಿನಲ್ಲಿ ನಾಲ್ಕು ಬಂದವು. ಐದನೆಯದು ಅರ್ಧ ತಿರುಗಿ ತಲೆ ಕತ್ತರಿಸಿಕೊಂಡಿತು. ಕೂಲಂಟ್ ಕಡಿಮೆಯಾದಾಗಲೆಲ್ಲ ಬೋರಿನ ಸವುಳು ನೀರು ಹಾಕಿದ್ದರ ಫಲ ಅದು, ಬೋಲ್ಟಿನ ಸುತ್ತ ಬಿಳಿ ಉಪ್ಪು ಕಟ್ಟಿತ್ತು. ಬಾಯಿಗೆ ಬಂದ ಬೈಗುಳವನ್ನು ಆಯಿ ಇದ್ದಾಳೆಂದು ನುಂಗಿಕೊಂಡೆ. ಪಂಪನ್ನು ಮೀಟಿ ತೆಗೆದ ಮೇಲೆ ಬೋಲ್ಟಿನ ಮುರುಕು ಒಂದು ಬೆರಳಿನಷ್ಟು ಹೊರಗೆ ಉಳಿದಿತ್ತು. ಸೀಮೆಎಣ್ಣೆ ಬಿಟ್ಟೆ, ಬಿಸಿ ಮಾಡಿದೆ, ಆರಲು ಬಿಟ್ಟೆ, ಮತ್ತೆ ಬಿಸಿ ಮಾಡಿದೆ. ಬಲವಂತ ಮಾಡಿದರೆ ಒಳಗೇ ಮುರಿಯುತ್ತದೆ. ಒಂದು ತಾಸು ಹೀಗೆ ಸತಾಯಿಸಿ, ಕೊನೆಗೆ ಪಕ್ಕಡಕ್ಕೆ ಸ್ವಲ್ಪ ಸ್ವಲ್ಪವೇ ಒಲಿದು ಹೊರಗೆ ಬಂತು.

ಮಧ್ಯಾಹ್ನದ ಬಸ್ಸಿಗೆ ಪಂಪು ಬಂತು. ಹಳೆಯದರ ಪಕ್ಕ ಇಟ್ಟು ಅಳೆದೆ. ಬೋಲ್ಟಿನ ತೂತುಗಳೆಲ್ಲ ಸರಿಯಾಗಿದ್ದವು. ಆದರೆ ಪುಲ್ಲಿ ಕೂರುವ ಮುಖ ಎರಡು ವಾಷರಿನಷ್ಟು ಗಿಡ್ಡ. ಅದೇ ಗಾಡಿಯ ಇನ್ನೊಂದು ಮಾದರಿಯ ಪಂಪು ಅದು.

"ಎರಡ ವಾಷರ್ ಹಾಕಿ ಕೂಡಸಾಕ ಬರೂದಿಲ್ಲೇನ್ರಿ?" ಅಂದ ದಾದಾ.

ಬರುತ್ತದೆ. ಅಂಥ ಕೆಲಸವನ್ನು ನಾನು ಬೇಕಾದಷ್ಟು ಸಲ ಮಾಡಿದ್ದೇನೆ. ವಾಷರ್ ಹಾಕಿ, ಪುಲ್ಲಿ ಬಿಗಿದು, ಬೆಲ್ಟು ಏರಿಸಿದರೆ ಗಾಡಿ ಸುಮ್ಮನೆ ನಡೆಯುತ್ತದೆ, ಶುಕ್ರವಾರವೂ ನಡೆಯಬಹುದು. ಕೂದಲೆಳೆಯಷ್ಟು ಸೊಟ್ಟ ಇದ್ದರೂ ಬೆಲ್ಟು ಅಂಚು ತಿನ್ನತೊಡಗುತ್ತದೆ, ಮುಂದೆ ಯಾವುದೋ ಒಂದು ಬುಧವಾರ ಯಾವುದೋ ಕಬ್ಬಿನ ಹೊಲದ ಪಕ್ಕ ಹರಿಯುತ್ತದೆ. ರವಿವಾರ ನಾನು ಮಾಡಿದ್ದೂ ಇಂಥದ್ದೇ ಕೆಲಸ. ವಾಷರ್ ಕೈಯಲ್ಲಿತ್ತು. ಪೆಟ್ಟಿಗೆಗೆ ವಾಪಸ್ ಹಾಕಿದೆ.

"ಬ್ಯಾಡ್ರಿ ದಾದಾ. ಹಳೇ ಪಂಪ್ ಚೀಲದಾಗ ಹಾಕ್ಕೊಂಡ ಚಿಕ್ಕೋಡಿಗಿ ಹೋಗ್ರಿ. ಎರಡೂ ಬಾಜೂ ಬಾಜೂ ಇಟ್ಟ, ಪುಲ್ಲಿ ಕೂಡೂ ಮೋತಿ ಅಳತಿ ಕೂಡಿಸಿ ತಗೋರಿ. ಬೆಲ್ಟೂ ಹೊಸಾದ ತರ್ರಿ. ಕೂಲಂಟೂ ತರ್ರಿ."

ಅವನು ಹೊತ್ತು ನೋಡಿದ. ಒಂದು ಗಂಟೆಯಾಗಿತ್ತು. ಚೀಲ ಹೆಗಲಿಗೇರಿಸಿ ಮೋಟಾರ್‌ಸೈಕಲ್ ಹತ್ತಿದ.

ಅವನು ಬರುವ ತನಕ ನಾನು ಸುಮ್ಮನೆ ಕೂರಲಿಲ್ಲ. ಎಂಜಿನ್ನಿನ ಮುಖಕ್ಕೆ ಅಂಟಿದ ಹಳೆಯ ಪ್ಯಾಕಿಂಗ್ ಕೆರೆದು ಕನ್ನಡಿಯ ಹಾಗೆ ಮಾಡಿದೆ. ಡೈನಮೋದ ಪುಲ್ಲಿ, ಕೆಳಗಿನ ಪುಲ್ಲಿ ಎರಡರ ತೋಡಿನಲ್ಲೂ ಅಪ್ಪನ ರಾಳ ಅಂಟಿಕೊಂಡಿತ್ತು. ಸೀಮೆಎಣ್ಣೆಯಲ್ಲಿ ತಿಕ್ಕಿ ತಿಕ್ಕಿ ತೆಗೆದೆ, ಒಣಬಟ್ಟೆಯಿಂದ ಒರೆಸಿದೆ. ಆಯಿ ಕಟ್ಟೆಯ ಮೇಲಿಂದ ನೋಡುತ್ತಲೇ ಇದ್ದಳು.

"ಜ್ವರ ಬಂದ ಹೋತೇನ ನಿನ್ನ ಮೂಗ?"

"ಹೌದ್ರಿ."

"ಮನ್ಯಾಗ ಹೇಳಿಯೇನ?"

"ಇಲ್ರಿ."

"ಹೇಳು. ಮನಿ ಮಂದೀಗಿ ಹೇಳದ ಇಟ್ಟಕೊಂಡ್ರ ಹೊರಾಕ ಆಗೂದಿಲ್ಲ," ಅಂದಳು.

ನಾಲ್ಕಕ್ಕೆ ಮೊದಲೇ ದಾದಾ ಬಂದ. ಪಂಪಿನ ಮುಖ ಅಳತೆಗೆ ಸರಿಯಾಗಿ ಕೂತಿತು. ಹೊಸ ಪ್ಯಾಕಿಂಗ್, ಮುರಿದದ್ದರ ಬದಲಿಯೂ ಸೇರಿ ಐದು ಬೋಲ್ಟು, ಒಂದರ ಎದುರಿಗೆ ಒಂದರಂತೆ ಸಮನಾಗಿ ಬಿಗಿದೆ. ಬೆಲ್ಟು ಏರಿಸಿ, ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ತಗ್ಗುವಷ್ಟೇ ಎಳೆದೆ. ಇನ್ನೂ ಸ್ವಲ್ಪ ಎಳೆ ಎಂದು ಕೈ ಹೇಳಿತು, ಕೇಳಲಿಲ್ಲ. ಸವುಳಿಲ್ಲದ ನೀರಿನಲ್ಲಿ ಕೂಲಂಟ್ ಬೆರೆಸಿ ತುಂಬಿದೆ. ಮುಚ್ಚಳ ತೆರೆದೇ ಸ್ಟಾರ್ಟ್ ಮಾಡಿ, ಮೇಲಿನ ಪೈಪನ್ನು ಹಿಂಡುತ್ತ ಒಳಗಿನ ಗಾಳಿಯೆಲ್ಲ ಗುಳ್ಳೆಯಾಗಿ ಹೋಗುವ ತನಕ ಕಾದೆ. ಮುಳ್ಳು ನಡುವೆ ಬಂದು ನಿಂತಿತು. ಚೀರಾಟ ಇಲ್ಲ. ಸ್ಕ್ರೂ ಡ್ರೈವರ್ ಕಿವಿಗಿಟ್ಟೆ, ಪಂಪು ನುಣ್ಣಗೆ ತಿರುಗುತ್ತಿತ್ತು.

ಕಿವಿಯ ಕೆಲಸ ಮುಗಿದಿತ್ತು. "ಆಯಿ, ಮುಂದ ಕುಂಡರ್ತೀರೇನ್ರಿ?" ಅಂತ ಕೇಳಿದೆ.

ದಾದಾ ಆಕೆಯನ್ನು ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿದ. ಡಾಂಬರು ರಸ್ತೆಯ ತನಕ ಹೋಗಿ, ಬ್ಲೋವರ್ ಪೂರ್ತಿ ಬಿಟ್ಟು, ತಿರುಗಿ ಬಂದೆವು. ಅಂಗಳಕ್ಕೆ ಬಂದು ನಿಲ್ಲಿಸಿದ ಮೇಲೂ ಆಕೆ ಇನ್ನೊಂದು ಸಲ ಉಸಿರು ಎಳೆದುಕೊಂಡಳು.

"ಏನೂ ಇಲ್ಲ," ಅಂದಳು. ಆಮೇಲೆ ಪಶ್ಚಿಮಕ್ಕೆ ನೋಡಿ ಗಡಬಡಿಸಿದಳು. "ಹೊತ್ತ ಇನ್ನೂ ಐತಿ. ಏಳ್ರಿ, ಎಲ್ಲಾರೂ ಉಣ್ರಿ. ತಮ್ಮಾ, ನೀ ಉಂಡ ಹೋಗು."

ಕೈ ತೊಳೆದುಕೊಂಡು ಕೂತೆವು. ನನಗೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಆಕೆಗೆ ಉಪ್ಪಿಲ್ಲದ ಅನ್ನ, ಅಳತೆಯ ಅರ್ಧ ಲೋಟ ನೀರು. ನಿಧಾನಕ್ಕೆ ಉಂಡಳು. ತುತ್ತು ಎತ್ತಿದವಳು ನಡುವೆ ನನ್ನನ್ನು ನೋಡಿ ನಕ್ಕಳು.

"ನಿನಗ ಮೂಗಿಲ್ಲ, ನನಗ ಕಿಡ್ನಿ ಇಲ್ಲ. ಇಬ್ಬರೂ ಕೂಡಿ ಒಂದ ಗಾಡಿ ನಡಸೂಣು."

ನಾನೂ ನಕ್ಕೆ. ನಗುತ್ತಲೇ ಕಣ್ಣು ತುಂಬಿ ಬಂತು, ರೊಟ್ಟಿ ಮುರಿಯುವ ನೆವದಲ್ಲಿ ತಲೆ ತಗ್ಗಿಸಿದೆ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಆಕೆ ಅಕ್ಕಿ ಆರಿಸುತ್ತ ಕೂತಿದ್ದಳು, ಮುಖ ಎತ್ತಲಿಲ್ಲ. "ನಂಗ ಗೊತ್ತೈತ್ರಿ. ಆ ಜ್ವರ ಬಿಟ್ಟ ವಾರದಾಗ ಪಲ್ಯಾ ಹೊತ್ತಿತ್ತು. ಮಕ್ಕಳು ಒಬ್ಬರೂ ಬಾಯಾಗ ಹಾಕಲಿಲ್ಲ. ನೀವ ಎರಡ ಸಲ ನೀಡಿಸಿಕೊಂಡ್ರಿ," ಅಂದಳು. ಇಷ್ಟು ವರ್ಷ ಯಾಕೆ ಕೇಳಲಿಲ್ಲ ಅಂದೆ. "ನೀವ ಹೇಳ್ತೀರಿ ಅಂತ ಸುಮ್ಮನಿದ್ನಿ," ಅಂದಳು.

ಶುಕ್ರವಾರ ಇಡೀ ದಿನ ನನ್ನ ಕೈಯಲ್ಲಿ ಕೆಲಸ ಸಾಗಲಿಲ್ಲ. ಮೂರಾದ ಮೇಲೆ ರಸ್ತೆ, ಆಕಾಶ, ಎರಡನ್ನೇ ನೋಡುತ್ತಿದ್ದೆ. ನಾಲ್ಕಕ್ಕೆ ಸ್ವಲ್ಪ ಮೊದಲು ಕಬ್ಬಿನ ಟ್ರ್ಯಾಕ್ಟರುಗಳ ಹಿಂದಿನಿಂದ ಆ ಗಾಡಿ ಬಂತು. ಹೊತ್ತು ಇನ್ನೂ ಬಹಳ ಮೇಲಿತ್ತು. ಮುಂದಿನ ಕಿಟಕಿಯಿಂದ ಆಯಿ ಕೈ ಎತ್ತಿ ತೋರಿಸಿದಳು.

ಅಂದಿನಿಂದ ಮಿರಜಿಗೆ ಹೋಗುವ ದಿನಗಳಲ್ಲಿ ಗಾಡಿ ನನ್ನ ಗ್ಯಾರೇಜಿನ ಮುಂದೆ ಒಂದು ನಿಮಿಷ ನಿಲ್ಲುತ್ತದೆ. ಯಾರೂ ಹೀಗೆ ಅಂತ ಠರಾವು ಮಾಡಿದ್ದಲ್ಲ. ನಾನು ಬಾನೆಟ್ ಎತ್ತಿ ಕಿವಿಗೊಡುತ್ತೇನೆ. ಆಯಿ ಕೂತಲ್ಲೇ ವಾಸನೆ ನೋಡುತ್ತಾಳೆ. ನನ್ನ ಹೂಂ, ಆಕೆಯ ಹೂಂ ಎರಡೂ ಆದ ಮೇಲೆಯೇ ದಾದಾ ಗೇರು ಹಾಕುತ್ತಾನೆ. ಬೇರೆ ಗಿರಾಕಿಗಳಿಗೂ ಈಗ ಮೊದಲೇ ಹೇಳುತ್ತೇನೆ, ನನಗೆ ವಾಸನೆ ಬರುವುದಿಲ್ಲ, ನಿಮಗೆ ಏನು ಬಂತು ಹೇಳಿರಿ ಅಂತ. ಇಬ್ಬರು ಮೂವರು ಬರುವುದು ಬಿಟ್ಟಿದ್ದಾರೆ, ಬಿಡಲಿ.

ಮೊನ್ನೆ ಸೋಮವಾರ ನಾನು ಹೂಂ ಅಂದೆ. ದಾದಾ ಗೇರಿನ ಮೇಲೆ ಕೈ ಇಟ್ಟ.

"ತಡಿ," ಅಂದಳು ಆಯಿ.

ಅವನು ಕೈ ತೆಗೆದು ಎಂಜಿನ್ ಬಂದ್ ಮಾಡಿದ. ನಾನು ಬಾನೆಟಿಗೆ ಕೈ ಹಚ್ಚಿದೆ. ಇಬ್ಬರೂ ಆಕೆಯ ಮುಖವನ್ನೇ ನೋಡುತ್ತ ನಿಂತೆವು. ಆಯಿ ಕಣ್ಣು ಮುಚ್ಚಿ, ನಿಧಾನಕ್ಕೆ ಉಸಿರೆಳೆದು, ರಸ್ತೆಯ ಆಚೆ ಹೊಗೆ ಏಳುತ್ತಿದ್ದ ಗಾಣದ ಕಡೆ ತಿರುಗಿದಳು.

"ಇದು ಖರೇ ಬೆಲ್ಲದ್ದು. ನಡೀರಿ."